ಬಸ್ಸು ನಿಲ್ಲಿಸಿದ ಅಕ್ಷರ

ಐವತ್ತಾರು ವರ್ಷದ ಬಾಳಿನಲ್ಲಿ ತಿಮ್ಮರಾಜುವಿನ ಹೆಸರು ಯಾರ ಲಗ್ನಪತ್ರಿಕೆಯಲ್ಲೂ ಅಚ್ಚಾಗಿರಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಅಚ್ಚಾಗಿತ್ತು. ‘ಹಾಗೂ ಬಂಧುಮಿತ್ರರು’ ಎಂಬ ಕೊನೆಯ ಸಾಲಿನೊಳಗೆ, ಇನ್ನೂ ನಾನೂರು ಜನರ ಜೊತೆ, ಉಸಿರು ಬಿಗಿಹಿಡಿದು ಕೂತಿತ್ತು.

ಮಾಳಿಗೆಕೊಪ್ಪಲಿನಲ್ಲಿ ತಿಮ್ಮರಾಜುಗಳು ಮೂವರು. ಒಬ್ಬನಿಗೆ ಟ್ರಾಕ್ಟರಿತ್ತು, ಹಾಗಾಗಿ ಟ್ರಾಕ್ಟರ್ ತಿಮ್ಮರಾಜು. ಇನ್ನೊಬ್ಬ ಪಂಚಾಯಿತಿ ಚುನಾವಣೆಗೆ ನಿಂತು ಎರಡು ಸಲ ಸೋತಿದ್ದ, ಹಾಗಾಗಿ ಮೆಂಬರ್ ತಿಮ್ಮರಾಜು. ನಮ್ಮವನು ಹಾಲಿನ ಡೇರಿಯ ಪುಸ್ತಕದಲ್ಲಿ ‘ತಿಮ್ಮರಾಜು ಮೂರು’, ಊರವರ ಬಾಯಲ್ಲಿ ‘ಅವನಲ್ಲ ಕಣ್ಲಾ, ಇನ್ನೊಬ್ಬ’. ಆಳು ಗಿಡ್ಡ, ಗುಂಡು, ಯಾರ ಎದುರು ನಿಂತರೂ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲುವ ಸ್ವಭಾವ.

ಇಂಥವನು ಮನೆ ಕಟ್ಟಿಸಿದ. ಅವನ ಹೊಲ ಕಿಕ್ಕೇರಿಯಿಂದ ಕೆ.ಆರ್.ಪೇಟೆಗೆ ಹೋಗುವ ರಸ್ತೆಯ ಅಂಚಿಗೆ ಬಂದು ಮುಗಿಯುತ್ತಿತ್ತು. ಅಲ್ಲೇ ತಳಪಾಯ ತೋಡಿಸಿದ. ತಾರಸಿ ಬಿತ್ತು, ಒಳಗೆ ಗಾರೆಯಾಯಿತು, ಹೊರಗೋಡೆ ಮಾತ್ರ ಇನ್ನೂ ಇಟ್ಟಿಗೆ ಕಾಣಿಸಿಕೊಂಡು ನಿಂತಿತ್ತು. ಗೃಹಪ್ರವೇಶಕ್ಕೆ ಒಂದೂವರೆ ತಿಂಗಳಿತ್ತು, ಅಲ್ಲಿಯವರೆಗೆ ಗಂಡಹೆಂಡಿರ ವಾಸ ಪಕ್ಕದಲ್ಲೇ ಹಾಕಿಕೊಂಡಿದ್ದ ತಗಡಿನ ಶೆಡ್ಡಿನಲ್ಲಿ. ಕಾಂಪೌಂಡಿನ ಮಾತು ಅದಾದ ಮೇಲೆ. ಆದರೆ ತಿಮ್ಮರಾಜುವಿಗೆ ಗಾರೆಯೂ ಬೇಕಿರಲಿಲ್ಲ, ಕಾಂಪೌಂಡೂ ಬೇಕಿರಲಿಲ್ಲ. ಬೇಕಿದ್ದದ್ದು ಬೋರ್ಡು. ಗೃಹಪ್ರವೇಶಕ್ಕೆ ಬರುವ ನೆಂಟರೆಲ್ಲ, ಒಮ್ಮೆಯಾದರೂ, ಅವನ ಹೆಸರನ್ನು ತಲೆ ಎತ್ತಿ ಓದಬೇಕು. ಅಷ್ಟೇ ಅವನ ಆಸೆ.

ಈ ಆಸೆಗೆ ಕಿಚ್ಚು ಹಚ್ಚಿದವನು ಅವನ ದೊಡ್ಡಪ್ಪನ ಮಗ ರವೀಂದ್ರ. ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮನುಷ್ಯ. ಪಕ್ಕದ ಹೊಲದಲ್ಲಿ ಹೋದ ವರ್ಷವೇ ಮನೆ ಮುಗಿಸಿ, ಕರಿಯ ಗ್ರಾನೈಟ್ ಕಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿ ‘ರವೀಂದ್ರ ವೈಭವ’ ಎಂದು ಕೆತ್ತಿಸಿದ್ದ. ಅಕ್ಷರಗಳು ಒಂದರ ಬಾಲ ಇನ್ನೊಂದರ ಕೊರಳಿಗೆ ಸುತ್ತಿಕೊಂಡು, ಮೊಗ್ಗು ಬಿಟ್ಟು, ಕುಡಿ ಹಬ್ಬಿಸಿ, ಓದಲು ಹೋದವರ ಕಣ್ಣು ದಾರಿ ತಪ್ಪಿ ವಾಪಸು ಬರುತ್ತಿತ್ತು.

ತಿಮ್ಮರಾಜು ಕೆ.ಆರ್.ಪೇಟೆಯಲ್ಲಿ ಬೋರ್ಡು ಮಾಡುವ ಮಾನಸಳ ಅಂಗಡಿಗೆ ಹೋದ. ಕಂಕುಳಲ್ಲಿ ಮೂರಡಿ ಅಗಲ, ಎರಡಡಿ ಎತ್ತರದ ತಗಡು ಇತ್ತು.

“‘ತಿಮ್ಮರಾಜು ನಿಲಯ’ ಅಂತ ಬರೀಬೇಕು ಕಣವ್ವ,” ಎಂದ. “ಅಕ್ಷರ ಈ ತಗಡಿನ ಮೇಲಿಂದ ಕೆಳಗಿನ ಗಂಟ ಇರ್ಬೇಕು. ಓಡೋ ಬಸ್ಸಲ್ಲಿ ಕೂತೋರ್ಗೆ ಕಾಣ್ಬೇಕು. ಒಂದೇ ಸಾಲು.”

“ಅಷ್ಟು ಎತ್ತರ ಮಾಡಿದ್ರೆ ‘ತಿಮ್ಮ’ ಮಾತ್ರ ಹಿಡಿಯುತ್ತೆ ಅಣ್ಣ. ರಾಜು ಹೊರಗೆ ನಿಲ್ತಾನೆ.”

“ಅವನೊಬ್ನನ್ನ ಯಾಕವ್ವ ಹೊರಗೆ ನಿಲ್ಲಿಸೀಯೆ.”

ಮಾನಸ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರದ ಜಾತಿ ತೋರಿಸಿದಳು. ಮೊದಲನೆಯದು ಬಳ್ಳಿಯಂಥದ್ದು. ತಿಮ್ಮರಾಜು ರವೀಂದ್ರನನ್ನು ನೆನೆಸಿಕೊಂಡು ತಲೆ ಆಡಿಸಿದ. ಎರಡನೆಯದು ಸಣಕಲು. ಮೂರನೆಯದು ತೆರೆಯ ಮೇಲೆ ಬಂದು ನಿಂತಾಗ ಅವನು ಕೂತಲ್ಲೇ ನೆಟ್ಟಗಾದ.

ಎತ್ತರಕ್ಕೆ, ದಪ್ಪಕ್ಕೆ, ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿದ್ದವು ಅಕ್ಷರಗಳು. ಬಾಲವಿಲ್ಲ, ಬಳುಕಿಲ್ಲ. ತಲೆಕಟ್ಟು ಕೂಡ ಇಸ್ತ್ರಿ ಮಾಡಿದಂತೆ.

“ಇದ್ಯಾವ ಜಾತಿದವ್ವ?”

“ಜಾಗ ಕಮ್ಮಿ ಇದ್ದು ಜೋರಾಗಿ ಹೇಳ್ಬೇಕು ಅಂದಾಗ ಹಾಕೋದು ಅಣ್ಣ. ಪೇಪರಿನ ತಲೆಬರಹ, ಎಲೆಕ್ಷನ್ ಪೋಸ್ಟರು, ಬಸ್ಸಿನ ಬೋರ್ಡು, ‘ಮುಂದೆ ಹಂಪ್ ಇದೆ’, ಎಲ್ಲ ಇದೇ. ನಮ್ಮ ಕನ್ನಡದ ಅಕ್ಷರ ಗುಂಡಗೆ, ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳೋವು. ಇದರಲ್ಲಿ ಎಲ್ಲರನ್ನೂ ಎದ್ದು ನಿಲ್ಸವ್ರೆ. ಬಸ್ಸು ರಶ್ಶಿದ್ದಾಗ ಒತ್ಕಂಡು ನಿಂತ್ಕಳಿ ಅಂತಾರಲ್ಲ, ಅಂಗೆ. ಒಬ್ಬ ಒತ್ಕಂಡು ನಿಂತ್ರೆ ಇನ್ನೊಬ್ಬನಿಗೆ ಜಾಗ ಆಗುತ್ತೆ.”

“ಕೆಳಗೆ ನೇತಾಡ್ತಾ ಅದಲ್ಲ, ಆ ಮ್ಮ?”

“ಅದೇ ಕಷ್ಟ ಅಣ್ಣ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡ್ಬೇಕು. ಮೇಲಿನ ‘ಮ’ ಸ್ವಲ್ಪ ಹೊಟ್ಟೆ ಒಳಕ್ಕೆ ಎಳ್ಕಂಡ್ರೆ ಆಗುತ್ತೆ.”

ತಿಮ್ಮರಾಜು ತನಗೇ ಹೇಳಿದಳೋ ಎಂಬಂತೆ ಹೊಟ್ಟೆ ಒಳಕ್ಕೆ ಎಳೆದುಕೊಂಡ. “ಇದೇ ಇರ್ಲಿ,” ಎಂದ.

ರಸ್ತೆ ಬೋರ್ಡುಗಳಿಗೆಂದು ತಂದು ಮಿಕ್ಕಿದ್ದ, ಬೆಳಕು ಬಿದ್ದರೆ ಮಿಂಚುವ ಹಳದಿ ಹಾಳೆ ಅವಳ ಹತ್ತಿರ ಇತ್ತು. ಹಳದಿಯ ಮೇಲೆ ಕರಿಯ ಅಕ್ಷರ ಕೂತಿತು. ಬೋರ್ಡು ಮನೆಗೆ ಬಂದಾಗ ಇನ್ನೊಂದು ಸಮಸ್ಯೆ. ಹೊರಗೋಡೆಗೆ ಹೊಡೆದರೆ ನಾಳೆ ಗಾರೆಯವರು ಕೀಳಬೇಕು. ಕಾಂಪೌಂಡು ಇಲ್ಲ. ತಿಮ್ಮರಾಜು ಯೋಚಿಸಿ, ರಸ್ತೆಯ ಅಂಚಿಗೆ, ತನ್ನ ಹೊಲದ ಬದುವಿನ ಮೇಲೆ, ಎರಡು ಕಬ್ಬಿಣದ ಪೈಪು ನೆಟ್ಟು ಬೋರ್ಡು ನಿಲ್ಲಿಸಿದ. ಪಕ್ಕದಲ್ಲಿ ಒಂದು ಉದ್ದನೆಯ ಕಲ್ಲುಚಪ್ಪಡಿ ಹಾಕಿದ, ತಾನೇ ಕೂತು ನೋಡುವುದಕ್ಕೆ.

ಈಗ ಓದುಗರು ಒಂದು ವಿಷಯ ತಿಳಿದಿರಬೇಕು. ಮಾಳಿಗೆಕೊಪ್ಪಲಿಗೆ ಬಸ್ ಸ್ಟಾಪು ಇರಲಿಲ್ಲ. ಬಸ್ಸು ಹತ್ತಬೇಕೆಂದರೆ ಒಂದೂಕಾಲು ಕಿಲೋಮೀಟರು ಮುಂದಿನ ಕಲ್ಲುಬೋರೆ ಗೇಟಿಗೆ ನಡೆಯಬೇಕು. ಇಲ್ಲೊಂದು ಸ್ಟಾಪು ಕೊಡಿ ಎಂದು ಊರವರು ಅರ್ಜಿ ಕೊಡಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಮೊದಲ ಅರ್ಜಿಗೆ ಸಹಿ ಹಾಕಿದ್ದ ಹುಡುಗಿಯರ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದರು. ಅವರೂ ನಡೆದೇ ಹೋಗುತ್ತಿದ್ದರು.

ಬೋರ್ಡು ನೆಟ್ಟ ಮಾರನೆಯ ಬೆಳಿಗ್ಗೆ ತಿಮ್ಮರಾಜು ಊರಿನ ಹಿರಿಯ ಕರಿಯಯ್ಯನಿಗೆ ಅದನ್ನು ತೋರಿಸುತ್ತಿದ್ದ. ಕರಿಯಯ್ಯ ಕೆ.ಆರ್.ಪೇಟೆಗೆ ಹೋಗಲು ಕಲ್ಲುಬೋರೆ ಗೇಟಿನ ಕಡೆ ಹೊರಟವನು.

“ನೋಡು ಕರಿಯಣ್ಣ, ಆ ಮ್ಮ ಎಂಗೆ ಹೊಟ್ಟೆ ಎಳ್ಕಂಡದೆ,” ಎಂದು ತಿಮ್ಮರಾಜು ಕೈ ಚಾಚಿದ.

ಕಿಕ್ಕೇರಿ ಕಡೆಯಿಂದ ಬರುತ್ತಿದ್ದ ಬಸ್ಸು ಬ್ರೇಕು ಹಾಕಿ, ಸರಿಯಾಗಿ ಬೋರ್ಡಿನ ಮುಂದೆ ನಿಂತಿತು. ಆ ಮಾರ್ಗಕ್ಕೆ ಡ್ರೈವರೂ ಹೊಸಬ, ಕಂಡಕ್ಟರ್ ಧರ್ಮೇಂದ್ರನೂ ಹೊಸಬ. ಹಳದಿ ಬೋರ್ಡು, ಕರಿಯ ದಪ್ಪ ಅಕ್ಷರ, ಕೆಳಗೊಂದು ಕಲ್ಲುಬೆಂಚು, ಇಬ್ಬರು ಮನುಷ್ಯರು, ಒಬ್ಬ ಕೈ ತೋರಿಸುತ್ತಿದ್ದಾನೆ. ಇನ್ನು ನಿಲ್ಲಿಸದೆ ಇರಲು ಯಾರಿಗಾದರೂ ಧೈರ್ಯ ಬಂದೀತೆ.

“ಬನ್ನಿ ಬನ್ನಿ, ಬೇಗ ಅತ್ತಿ,” ಎಂದ ಧರ್ಮೇಂದ್ರ.

ತಿಮ್ಮರಾಜು “ಅಲ್ಲ, ಇದು,” ಎನ್ನುವಷ್ಟರಲ್ಲಿ ಕರಿಯಯ್ಯ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಾಗಿತ್ತು. ಅವನ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ.

“ಕರಿಯಣ್ಣ, ಇದು ನಮ್ಮನೆ ಬೋರ್ಡಲ್ವಾ?”

“ನಿಮ್ಮನೇದೇ ಕಣಪ್ಪ, ನಾನೇನು ಇಲ್ಲ ಅಂದ್ನಾ. ನಿಂತದೆ, ಅತ್ತೀನಿ. ಕೇಳ್ಬುಟ್ರೆ ಒಂಟೋಯ್ತದೆ, ಸುಮ್ಕಿರು,” ಎಂದು ಕರಿಯಯ್ಯ ಒಳಗೆ ಹೋಗಿ ಕಿಟಕಿ ಪಕ್ಕ ಕೂತ. ಬಸ್ಸು ಹೊರಟಿತು.

ಸುದ್ದಿ ಊರು ತಲುಪಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ನಾಲ್ಕು ಜನ ಬಂದು ನಿಂತರು. ಮಾರನೆಯ ಬೆಳಿಗ್ಗೆ ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಹದಿನಾಲ್ಕು ಹೆಂಗಸರು. ಜನ ಕಂಡಲ್ಲಿ ಹಳೆಯ ಡ್ರೈವರುಗಳೂ ನಿಲ್ಲಿಸಿದರು. ಹೊಸದಾಗಿ ಸ್ಟಾಪು ಆಗಿರಬೇಕು, ತಮಗೆ ಸುತ್ತೋಲೆ ಬಂದಿಲ್ಲ ಎಂದುಕೊಂಡರು. ಇಂಥ ಅಕ್ಷರದಲ್ಲಿ ಇರುವುದು ಸರ್ಕಾರದ್ದಲ್ಲದೆ ಇನ್ಯಾರದ್ದು? ಮದುವೆ, ಮುಂಜಿ, ಸೀರೆ ಅಂಗಡಿ ಬಳ್ಳಿಯ ಅಕ್ಷರದಲ್ಲಿ ಬರುತ್ತವೆ. ಕಂದಾಯ, ಕರೆಂಟು, ಎಚ್ಚರಿಕೆ ನೆಟ್ಟಗೆ ನಿಂತ ಅಕ್ಷರದಲ್ಲಿ ಬರುತ್ತವೆ. ಇದು ನಮ್ಮ ಕಡೆ ಓದು ಬಾರದವರಿಗೂ ಗೊತ್ತು.

ಊರವರಿಗೆ ಅದು ಮನೆಯ ಬೋರ್ಡೆಂದು ಚೆನ್ನಾಗಿ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷ ಅರ್ಜಿ ಬರೆದು ಬರೆದು ಅವರಿಗೆ ಮಾತೇ ಮುಗಿದುಹೋಗಿತ್ತು.

ಹದಿನೈದು ದಿನದಲ್ಲಿ ತಿಮ್ಮರಾಜುವಿನ ಬದುಕು ಬದಲಾಯಿತು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೆ ಮೂವತ್ತು ಜನ. ಬನಿಯನ್ನಿನಲ್ಲಿ ಹಲ್ಲುಜ್ಜುವಂತಿಲ್ಲ. ಗೊತ್ತಿಲ್ಲದವರು ಬಂದು ಅವನನ್ನೇ ಬೈಯುತ್ತಿದ್ದರು.

“ಏನ್ರೀ, ಎಂಟೂ ಕಾಲಿನ ಬಸ್ಸು ಇನ್ನೂ ಇಲ್ಲ?” ಎಂದು ಒಬ್ಬ ಮೇಷ್ಟ್ರು ವಾಚು ತೋರಿಸಿದರು.

“ನಂಗೆ ಗೊತ್ತಿಲ್ಲ ಸ್ವಾಮಿ.”

“ಇಲ್ಲೇ ಇದ್ಕಂಡು ಗೊತ್ತಿಲ್ಲ ಅಂದ್ರೆ? ಬೋರ್ಡು ಮಾತ್ರ ದೊಡ್ಡದಾಗಿ ಹಾಕಿದ್ದೀರಿ.”

ತಿಮ್ಮರಾಜು ಕ್ಷಮೆ ಕೇಳಿದ. ಮಾರನೆಯ ದಿನ ಧರ್ಮೇಂದ್ರನನ್ನು ಕೇಳಿ ಎಲ್ಲ ಬಸ್ಸಿನ ವೇಳೆ ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ. ಅಲ್ಲಿಗೆ ಅವನ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಒಬ್ಬಾಕೆ ಮಾವಿನಕಾಯಿಯ ಚೀಲ ತಂದಿಟ್ಟು, “ನಮ್ಮಕ್ಕನ ಮಗ ಬತ್ತಾನೆ, ಕೊಟ್ಬುಡಿ,” ಎಂದು ಹೆಸರೂ ಹೇಳದೆ ಹೋದಳು. ಇನ್ನೊಬ್ಬ ಬಂದು, ನೋಟಿಗೆ ಚಿಲ್ಲರೆ ಇಟ್ಟುಕೊಳ್ಳದ ಸ್ಟಾಪು ಎಂಥ ಸ್ಟಾಪು ಎಂದು ಮುನಿಸಿಕೊಂಡ.

ಅವನ ಹೆಂಡತಿ ದ್ಯಾವಮ್ಮ ಮೊದಲ ವಾರ ನೋಡಿದಳು, ಎರಡನೆಯ ವಾರ ಬಾಯಿ ತೆಗೆದಳು.

“ನೀರಿನ ಬಿಂದಿಗೆ ಇಕ್ಕಿದ್ರೆ ಖಾಲಿ. ಹಸ ಕಟ್ಟೋ ಗೂಟದಲ್ಲಿ ಯಾರೋ ಛತ್ರಿ ನೇತಾಕವ್ರೆ. ನಿಮ್ಮೆಸ್ರು ಓದ್ತಾರೆ ಅಂದ್ರಲ್ಲ, ಓದುದ್ರಾ?”

“ಓದ್ತಾರೆ ಕಣಮ್ಮಿ. ಓದ್ದಲೆ ಇಲ್ಲಿಗೆ ಎಂಗೆ ಬತ್ತಾರೆ?”

“ಓದೋರೆಲ್ಲ ನಮ್ಮನೆ ಕಕ್ಕಸು ಎಲ್ಲದೆ ಅಂತಲೇ ಕೇಳ್ತಾರೆ.”

ಅಂದರೂ ಅವಳು ಮಾರನೆಯ ದಿನ ಇನ್ನೊಂದು ಬಿಂದಿಗೆ ಇಟ್ಟಳು. ಬಾಯಿ ಒಂದು ಕಡೆ, ಕೈ ಒಂದು ಕಡೆ ಇರುವ ಹೆಂಗಸು.

ಇದನ್ನೆಲ್ಲ ಪಕ್ಕದ ಮನೆಯ ಜಗುಲಿಯಲ್ಲಿ ಕೂತು ರವೀಂದ್ರ ನೋಡುತ್ತಿದ್ದ. ಅವನ ಗ್ರಾನೈಟಿನ ಮುಂದೆ ಸೈಕಲ್ಲೂ ನಿಲ್ಲುತ್ತಿರಲಿಲ್ಲ. ಒಂದು ದಿನ ಬಸ್ಸಿಗೆ ಕಾಯುತ್ತಿದ್ದವನೊಬ್ಬ ಅವನ ಹತ್ತಿರ ಬಂದು, “ಯಜಮಾನ್ರೆ, ತಿಮ್ಮರಾಜು ನಿಲಯ ಸ್ಟಾಪಿನ ಪಕ್ಕದ ಮನೆ ಅಂದ್ರೆ ಇದೇ ಅಲ್ವ್ರಾ?” ಎಂದು ಕೇಳಿದ. ಅಂದು ಮಧ್ಯಾಹ್ನವೇ ರವೀಂದ್ರ, ಮೂವತ್ತೆರಡು ವರ್ಷ ಕಚೇರಿಯಲ್ಲಿ ಕಲಿತದ್ದನ್ನೆಲ್ಲ ಸುರಿದು, ಡಿಪೋಗೆ ಒಂದು ದೂರು ಬರೆದ. ಖಾಸಗಿ ವ್ಯಕ್ತಿಯೊಬ್ಬರು ಸರ್ಕಾರಿ ನಮೂನೆಯ ಅಕ್ಷರಗಳನ್ನು ಬಳಸಿ ಸಾರ್ವಜನಿಕ ವಾಹನಗಳನ್ನು ತಡೆಯುತ್ತಿದ್ದಾರೆ ಎಂಬುದು ಅದರ ಸಾರಾಂಶ.

ಗೃಹಪ್ರವೇಶಕ್ಕೆ ಹತ್ತು ದಿನ ಇರುವಾಗ ಡಿಪೋದಿಂದ ಅಧಿಕಾರಿ ಬಂದರು. ಹೆಸರು ರಘುನಂದನ್. ಕೈಯಲ್ಲಿ ದೂರಿನ ಪತ್ರ, ಇನ್ನೊಂದು ಕೈಯಲ್ಲಿ ಅಳತೆಯ ಟೇಪು. ಬೋರ್ಡಿನ ಸುತ್ತ ಜನ ಸೇರಿದರು.

“ಇದು ಯಾರದ್ದು?”

“ನಂದೇ ಸ್ವಾಮಿ,” ಎಂದು ತಿಮ್ಮರಾಜು ಅಭ್ಯಾಸದಂತೆ ಸ್ವಲ್ಪ ಪಕ್ಕಕ್ಕೆ ಸರಿದ. “ಮನೆ ಎಸ್ರು.”

“ಮನೆ ಹೆಸರಿಗೆ ಈ ಅಕ್ಷರ ಯಾಕ್ರೀ?”

“ಜಾಗ ಕಮ್ಮಿ ಇತ್ತು ಸ್ವಾಮಿ. ರಾಜು ಹೊರಗೆ ನಿಲ್ತಾನೆ ಅಂದ್ರು.”

ಅಧಿಕಾರಿ ಈ ಉತ್ತರವನ್ನು ಬರೆದುಕೊಳ್ಳಲು ಹೋಗಿ ಬಿಟ್ಟರು. ಟೇಪು ಹಿಡಿದು ಅಕ್ಷರದ ಎತ್ತರ ಅಳೆದರು, ದಪ್ಪ ಅಳೆದರು. ಆಮೇಲೆ ಓದುತ್ತ ಓದುತ್ತ ರಸ್ತೆಯಲ್ಲಿ ಹಿಂದಕ್ಕೆ ನಡೆಯತೊಡಗಿದರು. ಐವತ್ತು ಹೆಜ್ಜೆ, ನೂರು ಹೆಜ್ಜೆ. ಹುಣಸೆಮರದ ಹತ್ತಿರ ನಿಂತು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ವಾಪಸು ಬರುವಾಗ ಅವರ ಮುಖ ಬೇರೆಯಾಗಿತ್ತು.

“ನಮ್ಮ ಬೋರ್ಡುಗಳು ಇದರಲ್ಲಿ ಅರ್ಧ ದೂರಕ್ಕೂ ಕಾಣಲ್ಲ,” ಎಂದರು, ತಮ್ಮಷ್ಟಕ್ಕೆ.

ರವೀಂದ್ರ ಮುಂದೆ ಬಂದ. “ಸಾರ್, ಮನೆ ಬೋರ್ಡು ಹೆಂಗಿರ್ಬೇಕು ಅಂತ ನೋಡ್ಬೇಕಾದ್ರೆ ಅಲ್ಲಿದೆ ನೋಡಿ, ನಂದು.”

ಅಧಿಕಾರಿ ಜೀಪಿನ ಡ್ರೈವರನ್ನು ಕರೆದು, “ಅದೇನು ಓದಪ್ಪ,” ಎಂದರು.

ಡ್ರೈವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. “ಹೂವಿನ ಬಳ್ಳಿ ಸಾರ್. ಅಕ್ಷರ ಆಮೇಲೆ ಬರೀಸ್ತಾರೇನೋ.”

ಕರಿಯಯ್ಯನಿಗೆ ಕೆಮ್ಮು ಬಂತು, ಆ ಕಡೆ ತಿರುಗಿಕೊಂಡ. ಇನ್ನೂ ನಾಲ್ಕೈದು ಜನಕ್ಕೆ ಅದೇ ಕೆಮ್ಮು ಅಂಟಿತು.

ಅಧಿಕಾರಿ ಕಲ್ಲುಚಪ್ಪಡಿಯ ಮೇಲೆ ಕೂತು ತಿಮ್ಮರಾಜುವನ್ನು ಹತ್ತಿರ ಕರೆದರು. “ನೋಡಿ ಯಜಮಾನರೇ, ನಿಮ್ಮಲ್ಲಿ ಮೋಸ ಇಲ್ಲ, ಒಪ್ಕೊಂಡೆ. ಆದರೆ ದೂರು ಬಂದಿದೆ, ನಾನು ಏನಾದ್ರೂ ಬರೀಲೇಬೇಕು. ಎರಡು ದಾರಿ ಇದೆ. ಒಂದು, ಇದನ್ನ ಇವತ್ತೇ ಕಿತ್ತು ಒಳಗೆ ನಿಮ್ಮ ಗೋಡೆಗೆ ಹೊಡ್ಕೊಳ್ಳಿ. ನಿಮ್ಮ ಹೆಸರು, ನಿಮ್ಮ ಮನೆ, ಯಾರೂ ಕೇಳಲ್ಲ. ಬಸ್ಸು ನಿಲ್ಲಲ್ಲ. ಎರಡು, ಬೋರ್ಡನ್ನ ಸಂಸ್ಥೆಗೆ ಬಿಟ್ಟುಕೊಟ್ಟಿದ್ದೀನಿ ಅಂತ ಬರ್ಕೊಡಿ. ಇಷ್ಟು ದಿನ ಇಷ್ಟು ಜನ ಹತ್ತಿದ್ದಾರೆ ಅಂತ ತೋರಿಸಿ ಸ್ಟಾಪು ಮಾಡ್ಸೋದು ನನ್ನ ಜವಾಬ್ದಾರಿ. ಆದ್ರೆ ಆಮೇಲೆ ಬೋರ್ಡು ನಿಮ್ಮದಲ್ಲ. ಸ್ಟಾಪಿಗೆ ಊರಿನ ಹೆಸರಿರುತ್ತೆ, ಮನುಷ್ಯರ ಹೆಸರಿರಲ್ಲ. ನಿಮ್ಮ ಹೆಸರು ಅಳಿಸ್ತಾರೆ.”

ತಿಮ್ಮರಾಜು ಬೋರ್ಡಿನ ಕಡೆ ನೋಡಿದ. ನೆಂಟರು ಬರಲು ಇನ್ನು ಹತ್ತು ದಿನ. ಊರವರ ಕಡೆ ನೋಡಿದ. ಅವರು ಆಕಾಶ, ಹುಣಸೆಮರ, ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ಕೊಡು ಎಂದು ಯಾರೂ ಹೇಳಲಿಲ್ಲ. ಕೇಳುವುದು ಹೇಗೆ? ಒಬ್ಬ ಮನುಷ್ಯನ ಹೆಸರು ಕೇಳಿದಂತಾಯಿತಲ್ಲ.

ಚಪ್ಪಡಿಯ ಆ ತುದಿಯಲ್ಲಿ ಚಿಕ್ಕಬೋರಮ್ಮ ಕೂತಿದ್ದಳು. ಎಂಬತ್ತರ ಮುದುಕಿ, ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ವಾರಕ್ಕೊಮ್ಮೆ ಪೇಟೆಗೆ ಹೋಗುವವಳು. ಅಧಿಕಾರಿ ಯಾರೋ, ದೂರು ಏನೋ, ಅವಳಿಗೊಂದೂ ತಿಳಿದಿರಲಿಲ್ಲ. ಎಲ್ಲರೂ ಸುಮ್ಮನಾದದ್ದು ಕಂಡು ಕೇಳಿದಳು:

“ಬಸ್ಸು ಬತ್ತದಾ ಇಲ್ವಾ? ಇಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ, ಗೇಟಿನ ಗಂಟ ನಡೀಬೇಕು ನಾನು.”

ತಿಮ್ಮರಾಜು ಅವಳ ಕಡೆ ತಿರುಗಿದ. ಅಷ್ಟರಲ್ಲಿ ಹಿಂದಿನಿಂದ ದ್ಯಾವಮ್ಮನ ದನಿ ಬಂತು.

“ಬತ್ತದೆ ಕೂತ್ಕಳವ್ವ. ಬಿಸ್ಲು ಬೀಳ್ತದೆ, ಈಚೆ ಸರ್ಕೊ.”

ಹೇಳಿ ಅವಳು ಒಳಗೆ ಹೋಗಿ, ಪೆನ್ನು ತಂದು ಗಂಡನ ಕೈಗೆ ಕೊಟ್ಟಳು. ತಿಮ್ಮರಾಜು ಸಹಿ ಹಾಕಿದ. ಹಾಕುವಾಗ ಅಕ್ಷರಗಳನ್ನು ಸ್ವಲ್ಪ ಎತ್ತರಕ್ಕೆ, ಒತ್ತೊತ್ತಾಗಿ ಬರೆದ ಎಂದು ಕರಿಯಯ್ಯ ಇವತ್ತಿಗೂ ಹೇಳುತ್ತಾನೆ. ಅವನಿಗೆ ಓದಲು ಬಾರದು, ಆದರೆ ಅದು ಬೇರೆ ಮಾತು.

ಅಧಿಕಾರಿ ಕೊಟ್ಟ ಮಾತು ಉಳಿಸಿಕೊಂಡರು. ಸ್ಟಾಪು ಮಂಜೂರಾಯಿತು. ಹೆಸರು ಬದಲಾಯಿಸಲು ಮಾತ್ರ ಮೇಲಿನಿಂದ ಬೇರೊಂದು ಆದೇಶ ಬರಬೇಕಿತ್ತು. ಅಲ್ಲಿಯವರೆಗೆ ಇದ್ದ ಹೆಸರೇ ಇರಲಿ ಎಂದು ಟಿಕೆಟ್ ಮೆಷಿನ್ನಿಗೆ ಹಾಗೆಯೇ ಹತ್ತಿಸಿದರು. ಆ ಆದೇಶ ಎಲ್ಲಿಂದ ಹೊರಟಿದೆಯೋ, ಯಾವ ಗೇಟಿನಲ್ಲಿ ಇಳಿದು ನಡೆದು ಬರುತ್ತಿದೆಯೋ, ಒಂದೂವರೆ ವರ್ಷವಾದರೂ ಬಂದಿಲ್ಲ.

ಗೃಹಪ್ರವೇಶಕ್ಕೆ ನೆಂಟರೆಲ್ಲ ಬಸ್ಸಿನಲ್ಲೇ ಬಂದು ಬಾಗಿಲಿಗೇ ಇಳಿದರು. ಊಟ ಚೆನ್ನಾಗಿತ್ತು ಎಂದರು. ಮನೆಗೆ ಹೆಸರಿಟ್ಟಿಲ್ಲವೇ ಎಂದು ಇಬ್ಬರು ಕೇಳಿದರು. ಯಾರೊಬ್ಬರೂ ಸ್ಟಾಪಿನ ಬೋರ್ಡಿನ ಕಡೆ ತಲೆ ಎತ್ತಲಿಲ್ಲ. ಸ್ಟಾಪಿನ ಬೋರ್ಡು ಯಾರು ನೋಡುತ್ತಾರೆ? ತಿಮ್ಮರಾಜು ಎಲ್ಲರಿಗೂ ಎಲೆ ಅಡಿಕೆ ಕೊಟ್ಟು ಕಳಿಸಿದ.

ಮೊನ್ನೆ ಅವನು ಕೆ.ಆರ್.ಪೇಟೆಯಿಂದ ಹಿಂಡಿ ಚೀಲ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ಪಕ್ಕದಲ್ಲಿ ಬಿಂಡಿಗನವಿಲೆ ಕಡೆಯ ಹಿರಿಯರೊಬ್ಬರು, ಕಿಕ್ಕೇರಿಯ ಬೀಗರ ಮನೆಗೆ ಹೊರಟವರು. ದೂರದಿಂದ ಹಳದಿ ಬೋರ್ಡು ಕಾಣುತ್ತಲೇ ಅವರು ಕಿಟಕಿಯಲ್ಲಿ ಬೆರಳು ತೋರಿಸಿದರು.

“ಈ ತಿಮ್ಮರಾಜು ಅನ್ನೋರು ಭಾರಿ ದೊಡ್ಡ ಮನುಷ್ಯರು ಇದ್ದಿರ್ಬೇಕು, ಅಲ್ವರಾ?”

“ಅಂಗಂತೀರಾ?” ಎಂದ ತಿಮ್ಮರಾಜು.

“ಮತ್ತೆ? ಬದುಕಿರೋರ ಎಸ್ರು ಸ್ಟಾಪಿಗೆ ಯಾರು ಇಕ್ಕಾರು. ಕೆರೆ ಕಟ್ಸಿದ್ರೋ, ಜೈಲಿಗೆ ಓಗಿದ್ರೋ. ಆ ಅಕ್ಷರ ನೋಡಿ, ಎಂಗೆ ನಿಂತವೆ. ಆಳೂ ಅಂಗೇ ಇದ್ದಿರ್ಬೇಕು. ಎತ್ತರದ ಆಳು, ಗಟ್ಟಿ ಆಳು. ನಿಮ್ಮ ವಯಸ್ಸಿಗೆ ನೀವು ಕಂಡಿದ್ರೂ ಕಂಡಿರ್ಬೋದು.”

“ಕಂಡಿವ್ನಿ. ನಮ್ಮೂರೋರೆಯ.”

“ಎಂಗಿದ್ರು?”

ಬಸ್ಸು ನಿಧಾನವಾಯಿತು. “ತಿಮ್ಮರಾಜು ನಿಲಯ ಯಾರು, ಬನ್ನಿ ಬನ್ನಿ,” ಎಂದು ಧರ್ಮೇಂದ್ರ ಕೂಗಿದ. ತಿಮ್ಮರಾಜು ಹಿಂಡಿ ಚೀಲ ಎತ್ತಿ ತೊಡೆಗೆ ಒರಗಿಸಿಕೊಂಡು, ಎದ್ದು ನಿಂತು, ಒಂದು ಕ್ಷಣ ಯೋಚಿಸಿದ.

“ನೀವಂದಂಗೇನಿಲ್ಲ,” ಎಂದ. “ನನ್ನಂಗೇ ಗುಂಡುಗಿದ್ರು. ಒಸಿ ಒತ್ಕಂಡು ನಿಂತ್ಕಂಡ್ರು, ಅಷ್ಟೆಯ.”

ಬಾಗಿಲಲ್ಲಿ ಹತ್ತಲು ಜನ ನೂಕುತ್ತಿದ್ದರು. ತಿಮ್ಮರಾಜು ಹೊಟ್ಟೆ ಒಳಕ್ಕೆ ಎಳೆದುಕೊಂಡು, ಅವರಿಗೆ ಜಾಗ ಬಿಟ್ಟು, ತನ್ನ ಹೆಸರಿನ ಕೆಳಗೆ ಇಳಿದ.